ಬಣ್ಣದ ಮೀನುಗಳ ಹಿಂದೆ ಮರೆಯಾದ ಹವಳ

ಈಗಿನ ಮಕ್ಕಳನ್ನು ಹವಳದ ದಿಬ್ಬವನ್ನು ಮೊದಲು ಎಲ್ಲಿ ನೋಡಿದಿರಿ ಎಂದು ಕೇಳಿದರೆ ಹಲವರು ‘ಫೈಂಡಿಂಗ್ ನೀಮೋ’ ಎನ್ನುತ್ತಾರೆ. ಪಿಕ್ಸಾರ್ ಸಂಸ್ಥೆ 2003ರಲ್ಲಿ ತೆರೆಗೆ ತಂದ ಈ ಚಿತ್ರಕ್ಕೆ ಮರುವರ್ಷ ಆಸ್ಕರ್ ಕೂಡ ಸಿಕ್ಕಿತು. ನನ್ನ ಆರು ವರ್ಷದ ಮಗಳು ಅದನ್ನು ಹತ್ತು ಸಲವಾದರೂ ನೋಡಿದ್ದಾಳೆ. ಮೀನುಗಳ ಹೆಸರೆಲ್ಲ ಬಾಯಿಪಾಠ. ಒಂದು ದಿನ ನಾನು ಸುಮ್ಮನೆ ‘ಹವಳ ಅಂದರೇನು?’ ಎಂದು ಕೇಳಿದೆ. ‘ಮೀನುಗಳ ಮನೆ’ ಎಂದಳು. ಅದಕ್ಕೆ ಜೀವ ಇದೆಯೇ ಎಂದೆ. ‘ಮನೆಗೆ ಎಲ್ಲಾದರೂ ಜೀವ ಇರುತ್ತಾ ಅಬ್ಬಾ?’ ಎಂದು ನಕ್ಕುಬಿಟ್ಟಳು.

ತಪ್ಪು ಅವಳದಲ್ಲ. ಆ ಚಿತ್ರ ಹವಳವನ್ನು ತೋರಿಸಿರುವುದೇ ಹಾಗೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಅಲ್ಲಿ ನಾಟಕದ ಪರದೆಯಂತೆ ಹಿಂದೆ ನಿಂತಿದೆ. ನೀಮೋನ ತಾಯಿಯ ಹೆಸರು ‘ಕೋರಲ್’, ಅಂದರೆ ಹವಳ. ಆಕೆಯೂ ಮೊದಲ ಕೆಲವೇ ನಿಮಿಷಗಳಲ್ಲಿ ಸಾಯುತ್ತಾಳೆ. ಹಾಗೆಂದು ಚಿತ್ರವನ್ನು ಕಳಪೆ ಎನ್ನಲಾರೆ. ಕ್ಲೌನ್ ಮೀನಿಗೂ ಕುಟುಕುವ ಅನಿಮನಿಗೂ ಇರುವ ನಂಟನ್ನು ಅದು ಪಾಠದಂತೆ ಹೇಳದೆ ಆಟದಂತೆ ಹೇಳಿದೆ. ತಂದೆಯ ಭಯವಂತೂ ನನ್ನಂಥವರಿಗೆ ನೇರವಾಗಿ ತಟ್ಟುತ್ತದೆ. (ನಿಜವಾದ ಕಡಲಿನಲ್ಲಿ ಹೆಣ್ಣು ಕ್ಲೌನ್ ಮೀನು ಸತ್ತರೆ ಉಳಿದ ಗಂಡೇ ಹೆಣ್ಣಾಗಿ ಮಾರ್ಪಡುತ್ತದೆ. ಆ ಲೆಕ್ಕದಲ್ಲಿ ನೀಮೋನ ಅಪ್ಪ ಅಮ್ಮನಾಗಬೇಕಿತ್ತು. ಚಿತ್ರ ಅದನ್ನು ಹೇಳದೆ ಬಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ.) ನನ್ನ ತಕರಾರು ಬೇರೆ. ದಿಬ್ಬವನ್ನು ಕಟ್ಟಿದ ಜೀವಿಯ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ.

ನಮ್ಮ ಭಾಷೆಯೂ ಇಲ್ಲಿ ಮಗುವಿಗೆ ನೆರವಾಗುವುದಿಲ್ಲ. ಕನ್ನಡದ ಮಗು ‘ಹವಳ’ ಎಂಬ ಪದವನ್ನು ಮೊದಲು ಕೇಳುವುದು ಅಜ್ಜಿಯ ಕೊರಳ ಸರದಲ್ಲಿ. ಉರ್ದು ಶಾಲೆಯಲ್ಲಿ ಕಲಿತ ನನಗೆ ಉಂಗುರದ ಹರಳು ‘ಮೂಂಗಾ’ ಆಗಿತ್ತು. ಸೂರಃ ರಹ್ಮಾನ್‌ನಲ್ಲಿ ಮುತ್ತಿನ ಜೊತೆ ಬರುವ ‘ಮರ್ಜಾನ್’ ಕೂಡ ಕೆಂಪು ಮಣಿ ಎಂದೇ ತಿಳಿದಿದ್ದೆ. ಎರಡು ಭಾಷೆಯಲ್ಲಿ ಓದಿಯೂ ಅದೊಂದು ಪ್ರಾಣಿಯೆಂದು ನನಗೆ ಗೊತ್ತಾಗುವ ಹೊತ್ತಿಗೆ ಮೀಸೆ ಬಂದಿತ್ತು. ಒಡವೆಯ ಆ ಕೆಂಪು ಹವಳ ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದ್ದು. ಅದೂ ಪ್ರಾಣಿ ಕಟ್ಟಿದ್ದೇ, ಆದರೆ ಅದು ದಿಬ್ಬ ಕಟ್ಟುವ ಜಾತಿಯಲ್ಲ. ಹೀಗಿರುವಾಗ ಮಗುವಿಗೆ ಮೊದಲು ಹೇಳಬೇಕಾದದ್ದು ಮೀನುಗಳ ಬಣ್ಣವನ್ನಲ್ಲ, ಈ ಪದದೊಳಗೆ ಒಂದು ಪ್ರಾಣಿ ಇದೆ ಎಂಬುದನ್ನು.

ಅದೇನೂ ಕಷ್ಟದ ಕತೆಯಲ್ಲ. ಪಾಲಿಪ್ ಎಂಬುದು ಒಂದು ಪುಟ್ಟ ಚೀಲ. ಮೇಲೊಂದು ಬಾಯಿ, ಸುತ್ತ ಬೆರಳುಗಳಂಥ ಎಳೆಗಳು. ತನ್ನ ಕೆಳಗೆ ಸುಣ್ಣದ ಬಟ್ಟಲು ಕಟ್ಟಿಕೊಂಡು ಕೂರುತ್ತದೆ. ಹಗಲಿನಲ್ಲಿ ಅದರ ಮೈಯೊಳಗೆ ಬಾಡಿಗೆಗಿರುವ ಪಾಚಿ ಬಿಸಿಲಿನಿಂದ ಅಡುಗೆ ಮಾಡಿ ಬಡಿಸುತ್ತದೆ. ರಾತ್ರಿಯಾದರೆ ಹಲವು ಜಾತಿಯ ಪಾಲಿಪ್‌ಗಳು ಎಳೆಗಳನ್ನು ಚಾಚಿ ನೀರಿನಲ್ಲಿ ತೇಲಿಬರುವ ಸೂಕ್ಷ್ಮಜೀವಿಗಳನ್ನು ಹಿಡಿದು ತಿನ್ನುತ್ತವೆ. ಗುಂಡಗೆ ಬೆಳೆಯುವ ಜಾತಿಗಳು ವರ್ಷಕ್ಕೆ ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್ ಬೆಳೆದರೆ ದೊಡ್ಡದು. ವರ್ಷಕ್ಕೊಮ್ಮೆ, ಹುಣ್ಣಿಮೆ ಕಳೆದ ಕೆಲವು ರಾತ್ರಿಗಳಲ್ಲಿ, ದಿಬ್ಬದ ಹವಳಗಳು ಒಟ್ಟಿಗೇ ಮೊಟ್ಟೆಗಳನ್ನು ನೀರಿಗೆ ಬಿಡುತ್ತವೆ. ಕಡಲಿನೊಳಗೆ ಮೇಲ್ಮುಖವಾಗಿ ಮಳೆ ಸುರಿದಂತೆ! ಗಿಳಿಮೀನು ಹವಳದ ಕಲ್ಲನ್ನು ಕಟಕಟನೆ ಕಡಿದು, ನುಂಗಿ, ಬಿಳಿ ಮರಳಾಗಿ ಹೊರಹಾಕುತ್ತದೆ ಎಂದು ಹೇಳಿನೋಡಿ, ಯಾವ ಮಗು ನಗುವುದಿಲ್ಲ? ಇಷ್ಟೆಲ್ಲ ಸರಕು ಇರುವಾಗ ಹವಳವನ್ನು ಪರದೆ ಮಾಡಿ ನಿಲ್ಲಿಸುವುದು ಕತೆಗಾರನ ಬಡತನವೆಂದೇ ನನಗನ್ನಿಸುತ್ತದೆ.

ಇಂಗ್ಲಿಷಿನ ಚಿತ್ರಪುಸ್ತಕಗಳಲ್ಲಿ ಸ್ಥಿತಿ ಕೊಂಚ ಉತ್ತಮ. ಮೇರಿಯಾನ್ ಬರ್ಕ್ಸ್ ಬರೆದ ‘ಓವರ್ ಇನ್ ದಿ ಓಷನ್’ (2004) ಮೂರು ನಾಲ್ಕು ವರ್ಷದವರಿಗೆ ಎಣಿಕೆ ಕಲಿಸುವ ಹಾಡು. ಜೇಡಿಯಂಥ ವಸ್ತುವಿನಲ್ಲಿ ಮಾಡಿದ ಅದರ ಚಿತ್ರಗಳನ್ನು ಮಕ್ಕಳು ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಜೇಸನ್ ಚಿನ್‌ರ ‘ಕೋರಲ್ ರೀಫ್ಸ್’ನಲ್ಲಿ (2011) ಹುಡುಗಿಯೊಬ್ಬಳು ನ್ಯೂಯಾರ್ಕಿನ ಗ್ರಂಥಾಲಯದಲ್ಲಿ ಪುಸ್ತಕ ಬಿಡಿಸುತ್ತಾಳೆ, ಕಂಬಗಳ ನಡುವೆ ದಿಬ್ಬ ಬೆಳೆದು ಕಡಲು ಒಳನುಗ್ಗುತ್ತದೆ. ಪಠ್ಯ ವಿಜ್ಞಾನವನ್ನು ಹೇಳುತ್ತದೆ, ಕತೆಯನ್ನು ಚಿತ್ರಗಳೇ ನೋಡಿಕೊಳ್ಳುತ್ತವೆ. ನಾನು ಓದಿದವುಗಳಲ್ಲಿ ಇದೇ ಒಳ್ಳೆಯದು.

ಕನ್ನಡದಲ್ಲಿ ಇಂಥದ್ದೊಂದನ್ನು ಹುಡುಕಿದೆ, ನನಗೆ ಸಿಗಲಿಲ್ಲ. ನಮಗೆ ಹವಳ ದೂರದ್ದೂ ಅಲ್ಲ. ಮುರ್ಡೇಶ್ವರದ ಎದುರಿನ ನೇತ್ರಾಣಿಯ ಸುತ್ತ ಅದಿದೆ. ಲಕ್ಷದ್ವೀಪವಂತೂ ಹವಳದ ಮೇಲೆಯೇ ನಿಂತ ನಾಡು. ಅಲ್ಲಿನ ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನ ಹುರಿಹಗ್ಗ ಹೊತ್ತ ಹಾಯಿದೋಣಿಗಳು ಮಂಗಳೂರಿನ ಬಂದರಿಗೆ ಬರುತ್ತಿದ್ದವು. ಆ ದ್ವೀಪಗಳ ಮಗುವಿಗೆ ಹವಳವೆಂದರೆ ಚಿತ್ರವಲ್ಲ, ಅಂಗಳ. ಮಳೆಗಾಲದ ಅಲೆಗಳನ್ನು ಹೊರಗೇ ತಡೆದು ನಿಲ್ಲಿಸುವ ಗೋಡೆ. ನಮ್ಮ ಮಕ್ಕಳು ಮಾತ್ರ ಹವಳವನ್ನು ಕಾಣಲು ಸಿಡ್ನಿಯ ದಂತವೈದ್ಯನ ಮೀನಿನ ತೊಟ್ಟಿಯವರೆಗೆ ಹೋಗಬೇಕು.

ಇನ್ನು ಎಲ್ಲಕ್ಕಿಂತ ತೊಡಕಿನ ಪ್ರಶ್ನೆ. ಹವಳ ಸಾಯುತ್ತಿರುವುದನ್ನು ಚಿಕ್ಕವರಿಗೆ ಹೇಳಬೇಕೇ? ಬೇಸಿಗೆಯ ನೀರು ಎಂದಿನ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ನಿಂತರೆ ಸಾಕು, ಪಾಲಿಪ್ ತನ್ನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಆಗ ಅದು ಸತ್ತಿಲ್ಲ, ಹಸಿದಿದೆ. ಬಿಸಿ ಬೇಗ ಇಳಿದರೆ ಚೇತರಿಸಿಕೊಳ್ಳಬಹುದು. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಯಿತು. ಅಮೆರಿಕದ ಶಿಕ್ಷಣ ಚಿಂತಕ ಡೇವಿಡ್ ಸೋಬೆಲ್ 1990ರ ದಶಕದಲ್ಲೇ ಒಂದು ಎಚ್ಚರಿಕೆ ಕೊಟ್ಟಿದ್ದರು. ನಾಲ್ಕನೇ ತರಗತಿಗಿಂತ ಮೊದಲು ಮಕ್ಕಳ ತಲೆಗೆ ಪರಿಸರದ ದುರಂತಗಳನ್ನು ತುಂಬಬೇಡಿ, ಮೊದಲು ಪ್ರೀತಿ ಬೆಳೆಯಲಿ ಎಂಬುದು ಅವರ ವಾದ. ಅದರಲ್ಲಿ ವಿವೇಕವಿದೆ. ಆದರೆ ಕತೆಗಾರನಾಗಿ ನನಗೊಂದು ಅನುಮಾನ. ಅಜ್ಜಿಯ ಕತೆಗಳಲ್ಲಿ ಸಾವು ಧಾರಾಳವಾಗಿ ಬರುತ್ತಿತ್ತು, ನಮಗೆ ನಿದ್ದೆಯೂ ಬರುತ್ತಿತ್ತು. ಮಗುವನ್ನು ಕಾಡುವುದು ಸಾವಿಗಿಂತ ಹೆಚ್ಚಾಗಿ, ದೊಡ್ಡವರು ಏನನ್ನೋ ಮುಚ್ಚಿಡುತ್ತಿದ್ದಾರೆಂಬ ಗುಮಾನಿ.

ಕೇಟ್ ಮೆಸ್ನರ್ ಬರೆದು ಮ್ಯಾಥ್ಯೂ ಫೋರ್ಸೈತ್ ಚಿತ್ರ ಬಿಡಿಸಿದ ‘ದಿ ಬ್ರಿಲಿಯಂಟ್ ಡೀಪ್’ (2018) ಇಲ್ಲಿ ಪರೀಕ್ಷೆಗೆ ತಕ್ಕ ಪುಸ್ತಕ. ಇದು ಫ್ಲಾರಿಡಾದ ಕೆನ್ ನೆಡಿಮಾಯರ್ ಎಂಬವರ ನಿಜಕತೆ. ಬಾಲ್ಯದಿಂದ ತಾನು ಪ್ರೀತಿಸಿದ ದಿಬ್ಬಗಳು ಸಾಯುವುದನ್ನು ಕಂಡ ಅವರು ಹವಳದ ತುಂಡುಗಳನ್ನು ಕಡಲಲ್ಲೇ ಸಾಕಿ, ಬರಡಾದ ದಿಬ್ಬಗಳಿಗೆ ಮತ್ತೆ ನೆಡುತ್ತಾರೆ. ಸಾವನ್ನು ಮುಚ್ಚಿಡದ, ಆದರೆ ಭಯಪಡಿಸದ ಬರವಣಿಗೆ. ನಾನದನ್ನು ಮೆಚ್ಚಿದ್ದೆ. 2023ರ ಬೇಸಿಗೆಯಲ್ಲಿ ಫ್ಲಾರಿಡಾದ ಕಡಲು ಹಿಂದೆಂದೂ ಇಲ್ಲದಷ್ಟು ಕಾಯ್ದು, ಹೀಗೆ ನೆಟ್ಟ ಕೊಂಬಿನಾಕಾರದ ಹವಳಗಳು ಬಹುಪಾಲು ಸತ್ತವು. 2025ರಲ್ಲಿ ವಿಜ್ಞಾನಿಗಳು, ಅಲ್ಲಿನ ದಿಬ್ಬ ಕಟ್ಟುವ ಎರಡು ಮುಖ್ಯ ಜಾತಿಗಳು ಹೆಸರಿಗಷ್ಟೇ ಉಳಿದಿವೆ, ದಿಬ್ಬ ಕಟ್ಟುವಷ್ಟು ಅಲ್ಲ ಎಂದು ಬರೆದರು. ಈಗ ಪುಸ್ತಕದ ಆಶಾವಾದವನ್ನು ಹೇಗೆ ಓದುವುದು? ಸುಳ್ಳೆನ್ನಲಾರೆ, ಅವರು ನೆಟ್ಟದ್ದು ನಿಜ. ಆದರೆ ಒಬ್ಬ ಒಳ್ಳೆಯ ಮನುಷ್ಯ ಮನಸ್ಸು ಮಾಡಿದರೆ ಕಡಲು ಸರಿಹೋಗುತ್ತದೆ ಎಂಬ ಭಾವನೆಯನ್ನು ಅದು ಮಗುವಿನಲ್ಲಿ ಉಳಿಸುತ್ತದೆ. ನೀರು ಯಾಕೆ ಕಾಯಿತು, ಕಾಯಿಸಿದವರು ಯಾರು ಎಂಬ ಪ್ರಶ್ನೆ ಆ ಭಾವನೆಯೊಳಗೆ ಕರಗಿಹೋಗುತ್ತದೆ.

ಮಗಳಿಗೆ ಆ ಪುಸ್ತಕವನ್ನು ಓದಿ ಹೇಳಿದೆ, 2023ರ ಸಂಗತಿಯನ್ನೂ ಸೇರಿಸಿ. ಅಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಂದೂ ಉಳಿಯಲಿಲ್ಲವಾ?’ ಎಂದಳು. ಬಿಸಿ ಏರುತ್ತಿದ್ದಾಗ ಸಾವಿರಾರು ತುಂಡುಗಳನ್ನು ಎತ್ತಿ ನೆಲದ ಮೇಲಿನ ತೊಟ್ಟಿಗಳಿಗೆ ಸಾಗಿಸಿದ್ದರು, ಅವು ಉಳಿದವು ಎಂದೆ. ‘ತೊಟ್ಟಿಯಲ್ಲಿ ಅವುಗಳಿಗೆ ಹುಣ್ಣಿಮೆ ಹೇಗೆ ಗೊತ್ತಾಗುತ್ತೆ?’ ಎಂದಳು. ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನಲ್ಲಿ ದೀಪಗಳಿಂದಲೇ ಚಂದ್ರನ ಬೆಳಕನ್ನು ಹೆಚ್ಚು ಕಡಿಮೆ ಮಾಡುತ್ತಾ ಹವಳಗಳಿಂದ ಮೊಟ್ಟೆ ಇಡಿಸಿದ್ದಾರೆಂದು ಹೇಳಿದೆ. ನಂಬಲಿಲ್ಲ, ಚಿತ್ರ ತೋರಿಸು ಎಂದಳು. ಅಂಥ ಚಿತ್ರವಿರುವ ಮಕ್ಕಳ ಪುಸ್ತಕಕ್ಕಾಗಿ ಹುಡುಕುತ್ತಿದ್ದೇನೆ.