ಅತ್ತೆಯ ನಾಲಗೆ

ಮಾರಿಯ ಹುಟ್ಟಿನ ಕತೆಗೆ ಹಲವು ಪಾಠಗಳಿವೆ. ಮದ್ರಾಸಿನ ಬಿಷಪ್ ಆಗಿದ್ದ ಹೆನ್ರಿ ವೈಟ್‌ಹೆಡ್, ದಕ್ಷಿಣ ಭಾರತದ ಗ್ರಾಮದೇವತೆಗಳ ಬಗೆಗಿನ ತನ್ನ 1916ರ ಪುಸ್ತಕದಲ್ಲಿ ಒಂದನ್ನು ದಾಖಲಿಸಿದ್ದಾನೆ. ಕೇರಿಯವನೊಬ್ಬ ಬ್ರಾಹ್ಮಣನ ವೇಷದಲ್ಲಿ ಬ್ರಾಹ್ಮಣರ ಹೆಣ್ಣನ್ನು ಮದುವೆಯಾಗುತ್ತಾನೆ. ಒಂದು ದಿನ ಅವನ ತಾಯಿ ಬರುತ್ತಾಳೆ. ಬಾಯಿಬಿಟ್ಟರೆ ಕೆಡುತ್ತದೆಂದು ಮಗ ಅವಳಿಗೆ ಮೂಗಿಯ ಹಾಗೆ ಇರಲು ಹೇಳುತ್ತಾನೆ. ಸೊಸೆ ಸಿಹಿ ಬಡಿಸುತ್ತಾಳೆ. ರುಚಿಗೆ ಸೋತ ಮುದುಕಿ, ಥೇಟು ಸುಟ್ಟ ಎಮ್ಮೆ ನಾಲಗೆಯ ರುಚಿ ಅಂದುಬಿಡ್ತಾಳೆ. ಅಷ್ಟೇ. ಹೆಂಡತಿ ಬೆಂಕಿಗೆ ಬಿದ್ದು ಮಾರಿಯಾಗುತ್ತಾಳೆ, ಗಂಡ ಬಲಿಯ ಕೋಣನಾಗುತ್ತಾನೆ.

ನಾನು ಪಾಠ ಮಾಡುವ ಹುಡುಗರ ಮೊಬೈಲುಗಳಲ್ಲಿ ಈ ಕತೆ ಬೇರೆ ಮುಖ ಹೊತ್ತು ಓಡಾಡ್ತಿದೆ. 2009ರ ಟ್ಯಾರಂಟಿನೋ ಸಿನಿಮಾವೊಂದರಲ್ಲಿ ಜರ್ಮನ್ ಅಧಿಕಾರಿಯ ವೇಷ ಹಾಕಿದ ಇಂಗ್ಲಿಷ್ ಗೂಢಚಾರ, ಮೂರು ಗ್ಲಾಸು ಕೇಳುವಾಗ ಹೆಬ್ಬೆರಳು ಮಡಿಸಿ ನಡುವಿನ ಮೂರು ಬೆರಳೆತ್ತಿ ಸಿಕ್ಕಿಬೀಳುತ್ತಾನೆ. ಆ ಬೆರಳುಗಳ ಮೇಲೆ ಹುಟ್ಟಿದ ಮೀಮ್‌ಗಳಿಗೆ ಲೆಕ್ಕವಿಲ್ಲ. ಕನ್ನಡದಲ್ಲಿ ಆ ಕೆಲಸವನ್ನು ಅಕಾರ-ಹಕಾರ ಮಾಡುತ್ತದೆ: 'ಹಾಲು' ಅನ್ನಬೇಕಾದಲ್ಲಿ 'ಆಲು' ಅಂದವನು ಸಿಕ್ಕಿಬಿದ್ದ! ನಮ್ಮ ಚನ್ನರಾಯಪಟ್ಟಣದಲ್ಲಿ (ಹಾಸನದ್ದಲ್ಲ, ದೇವನಹಳ್ಳಿ ತಾಲ್ಲೂಕಿನದು) ಹಕಾರ ಬಿಟ್ಟು ಮಾತಾಡುವವರು ಎಲ್ಲ ಜಾತಿಗಳಲ್ಲೂ ಇದ್ದಾರೆ. ಆದರೆ ಒಕ್ಕಲಿಗರ ಯಜಮಾನ ಆಡಿದರೆ ಅದು ಮಣ್ಣಿನ ಸೊಗಡು, ಕೇರಿಯ ಹುಡುಗ ಆಡಿದರೆ 'ಇವನು ಎಲ್ಲಿಂದ ಬಂದ' ಅನ್ನೋದಕ್ಕೆ ಸುಳಿವು.

ಇಂಥ ಮೀಮ್ ನೋಡಿ ನಗುವವನು ಕೂತಿರುವುದು ಪತ್ತೇದಾರನ ಪಕ್ಕದಲ್ಲಿ. ಗೂಢಚಾರ ಶತ್ರುವನ್ನು ಕೊಲ್ಲಲು ವೇಷ ಹಾಕಿದವನು. ಬೆಂಗಳೂರಲ್ಲಿ ಬಾಡಿಗೆ ಮನೆಗೆ ಅಂತ ಜಾತಿ ಮುಚ್ಚಿಟ್ಟವನು ಯಾರನ್ನು ಕೊಲ್ಲಲು ಹೊರಟಿದ್ದ?

ಮುದುಕಿಯ ಮಾತನ್ನು ಮತ್ತೊಮ್ಮೆ ನೋಡಬೇಕು. ಅವಳು ಸೊಸೆಯನ್ನು ಬೈಯಲಿಲ್ಲ, ಹೊಗಳಿದಳು. ತಾನು ಉಂಡದ್ದರಲ್ಲೆಲ್ಲ ರುಚಿಯಾದದ್ದು ಯಾವುದೋ ಅದಕ್ಕೆ ಹೋಲಿಸಿದಳು. ಅಲಂಕಾರಶಾಸ್ತ್ರದ ಪ್ರಕಾರ ಇದು ಶುದ್ಧ ಉಪಮೆ. ಆದರೆ ಕೇಳಿಸಿಕೊಂಡವರಿಗೆ ಉಪಮೆ ಕೇಳಲೇ ಇಲ್ಲ, ಸಾಕ್ಷಿ ಕೇಳಿಸಿತು. ದಲಿತ ಬರವಣಿಗೆಯ ಮುಂದೆ ನಮ್ಮ ವಿಮರ್ಶೆ ಹಲವು ಸಲ ಆ ಸೊಸೆಯ ಕಿವಿ ಇಟ್ಟುಕೊಂಡೇ ಕೂತಿದೆ ಅಂತ ನನ್ನ ದೂರು. 1984ರ 'ಕುಸುಮಬಾಲೆ'ಯ ನುಡಿ ಕಷ್ಟ ಅಂದವರಿದ್ದಾರೆ. ಪಂಪನಿಗೆ ನಿಘಂಟು ತೆರೆಯಲು ಇಂಥವರಿಗೆ ಬೇಸರವಿಲ್ಲ. ದಲಿತ ಆತ್ಮಕತೆಗಳಲ್ಲಿ ಬಾಡಿನ ಪ್ರಸ್ತಾಪ ಬಂದರೆ ಅದನ್ನು 'ದಾಖಲೆ' ಅನ್ನುತ್ತೇವೆ, ರೂಪಕ ಅನ್ನುವುದಿಲ್ಲ.

ಪಂಪನೆಂದರೆ ಕರ್ಣ ನೆನಪಾಗುತ್ತಾನೆ. ಕ್ರಿ.ಶ. 941ರ ಆ ಕಾವ್ಯದಲ್ಲೂ ವೇಷ ಕಳಚುತ್ತದೆ. ಗುರು ತೊಡೆಯ ಮೇಲೆ ಮಲಗಿದ್ದಾನೆ, ಹುಳ ತೊಡೆ ಕೊರೆದರೂ ಕರ್ಣ ಅಲುಗುವುದಿಲ್ಲ. ನೋವು ತಡೆದದ್ದಕ್ಕೇ ಪರಶುರಾಮನಿಗೆ ಇವನು ಬ್ರಾಹ್ಮಣನಲ್ಲ, ಕ್ಷತ್ರಿಯ ಅಂತ ಗೊತ್ತಾಗುತ್ತದೆ. ಶಾಪ ಸಿಕ್ಕಿತು, ನಿಜ. ಆದರೆ ಸುಳ್ಳು ಹೇಳಿದ ಕರ್ಣನಿಗೆ ಸಾವಿರ ವರ್ಷದ ಕಣ್ಣೀರೂ ಸಿಕ್ಕಿತು. ಅವನ ತಪ್ಪು ಹೆಜ್ಜೆ ಶೌರ್ಯವಾಯ್ತು, ಮುದುಕಿಯದು ಹೇಸಿಗೆಯಾಯ್ತು.

ದೇವರ ಮುಂದೆ ಪ್ರಾಣಿಬಲಿ ಕೊಡುವುದನ್ನು 1959ರ ಕರ್ನಾಟಕದ ಕಾಯ್ದೆ ನಿಷೇಧಿಸಿದೆ. ಕತೆಯಲ್ಲಿ ಮಾತ್ರ ಗಂಡನ ತಲೆ ಬೀಳುತ್ತಲೇ ಇದೆ. ಅತ್ತೆ ಆ ಸಿಹಿಯನ್ನು ಇನ್ನೊಂದು ಸಲ ಕೇಳಿ ಹಾಕಿಸಿಕೊಂಡು ತಿಂದಳು ಅಂತ ಯಾವ ಕೇರಿಯಲ್ಲಾದರೂ ಯಾರಾದರೂ ಹೇಳ್ತಿದ್ದರೆ ತಿಳಿಸಿ, ಬರೆದುಕೊಂಡು ಬರ್ತೀನಿ.