ಶತ್ರುವಿಲ್ಲದ ವೀರ

ತರಗತಿಯಲ್ಲಿ ರನ್ನನ ‘ಗದಾಯುದ್ಧ’ದ ವೀರರಸವನ್ನು ವಿವರಿಸುತ್ತಿದ್ದಾಗ ಒಬ್ಬ ವಿದ್ಯಾರ್ಥಿ ಎದ್ದುನಿಂತು ಕೇಳಿದ: “ಪರ್ವತ ಹತ್ತುವವನೂ ವೀರನೇ ಆದರೆ ಅವನ ಶತ್ರು ಯಾರು ಸಾರ್?” ಏನೋ ಹಾರಿಕೆಯ ಉತ್ತರ ಕೊಟ್ಟು ಪಾಠ ಮುಂದುವರಿಸಿದೆ. ಎಚ್. ಡಬ್ಲ್ಯು. ಟಿಲ್ಮನ್ನನ ‘ಮಿಸ್‌ಚೀಫ್ ಇನ್ ಗ್ರೀನ್‌ಲೆಂಡ್’ (1964) ಓದುವಾಗ ಆ ಪ್ರಶ್ನೆ ಮತ್ತೆ ಎದುರಾಯಿತು.

1936ರಲ್ಲಿ ನಮ್ಮ ನಂದಾದೇವಿಯ 7,816 ಮೀಟರ್ ಎತ್ತರದ ಶಿಖರವನ್ನು ಓಡೆಲ್‌ನೊಡನೆ ಮೊದಲು ಮುಟ್ಟಿದವನು ಈತ. ಅರವತ್ತು ದಾಟಿದ ಮೇಲೆ, ‘ಮಿಸ್‌ಚೀಫ್’ ಎಂಬ ಹಳೆಯ ಹಾಯಿಹಡಗಿನಲ್ಲಿ, ಯಾರೂ ಏರದ ಬೆಟ್ಟಗಳನ್ನರಸಿ 1961ರಲ್ಲಿ ಗ್ರೀನ್‌ಲೆಂಡಿನ ಪಶ್ಚಿಮ ತೀರಕ್ಕೂ 1962ರಲ್ಲಿ ಬ್ಯಾಫಿನ್ ದ್ವೀಪಕ್ಕೂ ಹೊರಟ.

ವಿಚಿತ್ರವೆಂದರೆ, ಈ ಗ್ರಂಥದಲ್ಲಿ ಶಿಖರಕ್ಕಿಂತ ಕಡಲಿಗೇ ಹೆಚ್ಚು ಪ್ರಾಶಸ್ತ್ಯ. ಹಡಗಿನ ಬದುಕನ್ನು ನಗುನಗುತ್ತ ವಿಸ್ತರಿಸುವ ಟಿಲ್ಮನ್, ತುದಿ ಮುಟ್ಟಿದ ಗಳಿಗೆಯನ್ನು ಕೆಲವೇ ಮಾತುಗಳಲ್ಲಿ ಮುಗಿಸಿಬಿಡುತ್ತಾನೆ. ನಮ್ಮ ಆಲಂಕಾರಿಕರ ಮತದಲ್ಲಿ ವೀರಕ್ಕೆ ಉತ್ಸಾಹವೇ ಸ್ಥಾಯಿ. ಗೆಲ್ಲಬೇಕಾದ ಎದುರಾಳಿ ಅದರ ಆಲಂಬನ. ಹಿಮಕ್ಕಾದರೋ ಹಗೆಯೆಂಬುದಿಲ್ಲ, ಹತ್ತಿದವನನ್ನು ಅದು ಗಮನಿಸುವುದೂ ಇಲ್ಲ. ಇದನ್ನರಿತ ಲೇಖಕನಿಗೆ ‘ಗೆದ್ದೆ’ನೆಂಬ ಠೇಂಕಾರ ಸಾಧ್ಯವಿಲ್ಲ. ಉಳಿಯುವುದು ಉತ್ಸಾಹ, ಜೊತೆಗೆ ತನ್ನನ್ನೇ ನೋಡಿ ನಗುವ ಹದವಾದ ಗದ್ಯ. ಈ ಬರವಣಿಗೆಯ ಮೇಲ್ಮೆಯೆಂದರೆ ಇದೇ.

ಆದರೂ ನನ್ನ ಆಕ್ಷೇಪಗಳು ಎರಡು. ಬ್ಯಾಫಿನ್ನಿನಲ್ಲಿ ಆತನನ್ನು ಸೆಳೆದ ‘ಮೌಂಟ್ ರಾಲೆ’ಗೆ 1585ರಲ್ಲಿ ಆ ಹೆಸರಿಟ್ಟವನು ನಾವಿಕ ಜಾನ್ ಡೇವಿಸ್. ರಾಲೆ ಎಂಬ ಆ ಇಂಗ್ಲಿಷ್ ಆಸ್ಥಾನಿಕ ಬೆಟ್ಟವನ್ನು ಕಂಡವನೇ ಅಲ್ಲ. ಕಂಡವರು, ಬ್ಯಾಫಿನ್ ತೀರಗಳಲ್ಲಿ ಸೀಲ್ ಬೇಟೆಯಾಡಿ ತಲೆಮಾರುಗಳಿಂದ ಬದುಕಿದ ಇನ್ಯುಯಿಟ್ ಜನ. ‘ಯಾರೂ ಏರದ ಬೆಟ್ಟ’ ಎನ್ನುವಾಗ ಆ ‘ಯಾರೂ’ ಎಂಬುದರಲ್ಲಿ ಇವರು ಸೇರಿದ್ದಾರೆಯೆ? ಈ ಪ್ರಶ್ನೆ ಲೇಖಕನನ್ನು ಕಾಡಿದಂತೆ ನನಗೆ ತೋರಲಿಲ್ಲ.

ಎರಡನೆಯದಾಗಿ, ಆತನ ವಿನೋದ ಅನೇಕ ಕಡೆ ಭಯವನ್ನು ಮುಚ್ಚುವ ಮುಸುಕಾಗುತ್ತದೆ. 1977ರಲ್ಲಿ, ಎಂಬತ್ತರ ಹೊಸ್ತಿಲಲ್ಲಿ, ರಿಯೊ ಡಿ ಜನೈರೊದಿಂದ ಫಾಕ್‌ಲೆಂಡ್ ದ್ವೀಪಗಳಿಗೆ ಹೊರಟ ಹಡಗು ಅವನನ್ನೂ ಸಂಗಡಿಗರನ್ನೂ ಹೊತ್ತು ಕಣ್ಮರೆಯಾಯಿತು. ಇದನ್ನು ತಿಳಿದು ಓದುವ ವಾಚಕನಿಗೆ ಆ ನಗೆ ಮೊದಲಿನಷ್ಟು ಹಗುರವಾಗಿ ಕೇಳಿಸಲಾರದು.

ವಿದ್ಯಾರ್ಥಿಗೆ ಕೊಡಬೇಕಾದ ಉತ್ತರ ಈಗ ನನಗೆ ಹೊಳೆದಿದೆ. ಪರ್ವತಾರೋಹಿಗೆ ಶತ್ರುವಿಲ್ಲ, ಇದ್ದಾನೆಂದು ಕಲ್ಪಿಸಿಕೊಂಡಲ್ಲಿ ಬರವಣಿಗೆ ಸುಳ್ಳಾಗುತ್ತದೆ. ಆ ಹುಡುಗ ಕಾಲೇಜು ಬಿಟ್ಟು ಹೋಗುವ ಮೊದಲು ಈ ಪುಸ್ತಕವನ್ನು ಅವನ ಕೈಗಿಡಬೇಕೆಂದಿದ್ದೇನೆ.