ಜಾಝ್ ಗಾನಮುದ್ರಿಕೆಗಳೂ ಸಹೃದಯನ ಅಭ್ಯಾಸವೂ

ಪರದೇಶದ ಸಂಗೀತದಲ್ಲಿ ತನಗೆ ರುಚಿಯುಂಟೆಂದು ನಮ್ಮ ಕಡೆಯವನೊಬ್ಬನು ಹೇಳಿದರೆ ಕೇಳಿದವರು ಎರಡು ಆಕ್ಷೇಪಗಳನ್ನೆತ್ತುವರು. ಆ ಸಂಗೀತದ ಸಂಸ್ಕಾರವಿಲ್ಲದ ಕಿವಿಗೆ ಅದರ ರಸವು ಹೇಗೆ ದಕ್ಕೀತು ಎಂಬದು ಮೊದಲನೆಯದು. ಗಾಯಕನ ಮುಖವನ್ನು ಕಾಣದೆ, ತಿರುಗುವ ತಟ್ಟೆಯಿಂದ ಕೇಳಿದ ನಾದವು ಸಂಗೀತದ ನೆರಳೇ ಹೊರತು ಸಂಗೀತವಲ್ಲ ಎಂಬದು ಎರಡನೆಯದು. ಅಮೇರಿಕೆಯ ಜಾಝ್ ಸಂಗೀತದ ಮುದ್ರಿಕೆಗಳನ್ನು, ಅದರಲ್ಲಿಯೂ ರೂಢಿಯ ಕಟ್ಟನ್ನು ಮುರಿದು ಹೊರಟ ನೂತನ ಪಂಥದವರ ಮುದ್ರಿಕೆಗಳನ್ನು, ಕೂಡಿಹಾಕಿ ಶ್ರದ್ಧೆಯಿಂದ ಕೇಳುವವರು ಇವೆರಡಕ್ಕೂ ಉತ್ತರ ಹೇಳಬೇಕಾಗುವದು. ಎರಡಕ್ಕೂ ಉತ್ತರವೊಂದೇ ಎಂಬದು ನನ್ನ ಅಭಿಪ್ರಾಯ.

ಎರಡನೆಯ ಆಕ್ಷೇಪವನ್ನು ಮೊದಲು ನೋಡೋಣ. ಇದಕ್ಕಾಗಿ ಶಿರಹಟ್ಟಿಯಿಂದ ಗದಗಿನಾಚೆಗೆ ಹೋಗಬೇಕಾಗಿಲ್ಲ. ಗದಗಿನ ಬಾಲಕರಾದ ಭೀಮಸೇನ ಜೋಶಿಯವರು ಅಂಗಡಿಯೊಂದರಲ್ಲಿ ಅಬ್ದುಲ್ ಕರೀಮಖಾನರ ಝಿಂಝೋಟಿ ಠುಮರಿಯ ತಟ್ಟೆಯನ್ನು ಕೇಳಿ, ಹಾಗೆ ಹಾಡಬೇಕೆಂಬ ಹಂಬಲದಿಂದ 1933ರಲ್ಲಿ, ಹನ್ನೊಂದು ವರುಷದವರಿರುವಾಗ, ಮನೆಬಿಟ್ಟು ಹೊರಟರು. ಆ ಕಾಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಗಾನ ಮಾತ್ರ. ಬರಿಯ ನೆರಳಿಗೆ ಇಷ್ಟು ಬಲವಿರುವದಿಲ್ಲ. ಆದರೆ ತಟ್ಟೆಯು ಅವರಿಗೆ ಗುರುವಾಗಲಿಲ್ಲವೆಂಬದನ್ನೂ ಮರೆಯಬಾರದು. ಗುರುವು ದೊರೆತದ್ದು ಕುಂದಗೋಳದಲ್ಲಿ, ಖಾನಸಾಹೇಬರ ಶಿಷ್ಯರಾದ ಸವಾಯಿ ಗಂಧರ್ವರ ಸನ್ನಿಧಿಯಲ್ಲಿ. ತಟ್ಟೆಯು ಹಾಡುಗಾರನನ್ನು ಮಾಡಲಾರದು, ಕೇಳುಗನನ್ನು ಮಾಡಬಲ್ಲದು.

ಹೇಗೆಂದರೆ, ಸಹೃದಯನಾರು ಎಂಬ ಪ್ರಶ್ನೆಗೆ ಅಭಿನವಗುಪ್ತಾಚಾರ್ಯನು ಲೋಚನದಲ್ಲಿ ಹೇಳಿದ ಉತ್ತರವು ಪ್ರಸಿದ್ಧವಾದುದು: ಕಾವ್ಯವನ್ನು ಮೇಲಿಂದಮೇಲೆ ಅನುಶೀಲನ ಮಾಡಿ ಯಾರ ಮನಸ್ಸೆಂಬ ಕನ್ನಡಿಯು ನಿರ್ಮಲವಾಗಿ, ವರ್ಣಿತವಾದುದರಲ್ಲಿ ತನ್ಮಯವಾಗುವ ಯೋಗ್ಯತೆಯನ್ನು ಪಡೆದಿರುವದೋ ಅವನೇ ಸಹೃದಯನು. ಇಲ್ಲಿ ಒತ್ತು ಬಿದ್ದಿರುವದು ಅಭ್ಯಾಸದ ಮೇಲೆ. ಕಾವ್ಯವು ಓಲೆಗರಿಯಲ್ಲಿ ನಿಂತದ್ದರಿಂದ ಓದುಗನಿಗೆ ಈ ಅಭ್ಯಾಸವು ಸುಲಭವಾಯಿತು. ಮನೋಧರ್ಮದಿಂದ ಆ ಕ್ಷಣಕ್ಕೆ ಹುಟ್ಟಿ ಆ ಕ್ಷಣಕ್ಕೇ ಅಡಗುವ ಸಂಗೀತಕ್ಕೆ ಇಂಥ ಓಲೆಗರಿ ಇರಲಿಲ್ಲ. ಗಾನಮುದ್ರಿಕೆಯೇ ಅದರ ಓಲೆಗರಿಯಾಯಿತು. ಮೊದಲನೆಯ ಆಕ್ಷೇಪಕ್ಕೂ ಇಲ್ಲಿಯೇ ಉತ್ತರವಿದೆ: ಇಲ್ಲದ ಸಂಸ್ಕಾರವನ್ನು ಅಭ್ಯಾಸದಿಂದ ಪಡೆಯಬಹುದು. ಜಾಝ್ ಗೋಷ್ಠಿಯನ್ನು ಎದುರು ಕುಳಿತು ಕೇಳುವ ಸಂಭವವೇ ಇಲ್ಲದ ನಮ್ಮಂಥ ಊರಿನವರಿಗೆ ಮುದ್ರಿಕೆಯ ಹೊರತು ಬೇರೆ ಪಾಠಶಾಲೆಯಿಲ್ಲ.

ಈ ಸಂಗೀತವು ಇಪ್ಪತ್ತನೆಯ ಶತಮಾನದ ಆರಂಭದ ಸುಮಾರಿಗೆ ನ್ಯೂ ಆರ್ಲಿಯನ್ಸ್ ಪಟ್ಟಣದ ಕರಿಯ ಜನರಲ್ಲಿ ರೂಪುಗೊಂಡಿತು. ಅಲ್ಲಿ ಶವದೊಡನೆ ವಾದ್ಯಮೇಳವು ಶೋಕಗೀತವನ್ನು ನುಡಿಸುತ್ತ ಹೋಗಿ, ಮರಳುವಾಗ ಉಲ್ಲಾಸದ ಗತಿಯನ್ನು ಹಿಡಿಯುವದು. ಭಜನೆಯೊಡನೆ ಸತ್ತವರನ್ನು ಕಳಿಸಿಕೊಡುವ ನಮ್ಮ ಜನರಿಗೆ ಇದು ತೀರ ಅಪರಿಚಿತವಾಗಿ ತೋರಲಾರದು. 1917ರ ಫೆಬ್ರುವರಿ 26ರಂದು ಮುದ್ರಿತವಾದ ಮೊದಲ ಜಾಝ್ ತಟ್ಟೆಯು ಬಿಳಿಯರ ಮೇಳದ್ದು. ಅದಕ್ಕೂ ಮೊದಲು ಫ್ರೆಡ್ಡಿ ಕೆಪ್ಪಾರ್ಡ್ ಎಂಬ ಕರಿಯ ವಾದಕನಿಗೆ ಆಮಂತ್ರಣ ಬಂದಿತ್ತೆಂದೂ, ತನ್ನ ವಿದ್ಯೆಯನ್ನು ಪರರು ಕದ್ದಾರೆಂದು ಅವನು ಒಪ್ಪಲಿಲ್ಲವೆಂದೂ ಒಂದು ಐತಿಹ್ಯವುಂಟು. ಚೀಜುಗಳನ್ನು ಬಚ್ಚಿಟ್ಟುಕೊಳ್ಳುತ್ತಿದ್ದ ನಮ್ಮ ಉಸ್ತಾದರ ನೆನಪಾಗದೆ ಇರದು.

ನಮ್ಮ ಕಿವಿಯು ಜಾಝಿನಲ್ಲಿ ಎಡವುವದು ಎಲ್ಲಿ? ನಮ್ಮಲ್ಲಿ ತಂಬೂರಿಯ ಷಡ್ಜವು ಅಚಲವಾಗಿರುವದು. ಅವರಲ್ಲಿಯಾದರೋ ಮೂರು ನಾಲ್ಕು ಸ್ವರಗಳನ್ನು ಒಮ್ಮೆಲೆ ನುಡಿಸುವ ಸ್ವರಗುಚ್ಛಗಳು ಕ್ರಮವಾಗಿ ಬದಲಾಗುತ್ತಿರುವವು. ಕಾಲ ಕೆಳಗಿನ ನೆಲವೇ ಸರಿದಂತಾಗುವದು. ಇದಕ್ಕೆ ಮದ್ದು, ಒಂದೇ ತಟ್ಟೆಯನ್ನು ಹಿಡಿದು ಕೂಡ್ರುವದು. ಲೂಯಿ ಆರ್ಮ್‌ಸ್ಟ್ರಾಂಗನ 1928ರ ‘ವೆಸ್ಟ್ ಎಂಡ್ ಬ್ಲೂಸ್’ ಇದಕ್ಕೆ ಯೋಗ್ಯವಾದುದು. ಆರಂಭದಲ್ಲಿ ಅವನ ತುತ್ತೂರಿಯೊಂದೇ, ತಾಳದ ಹಂಗಿಲ್ಲದೆ, ಆಲಾಪದಂತೆ ಮೇಲೇರಿ ಇಳಿಯುವದು. ಅನಂತರ ನಾಲ್ಕು ನಾಲ್ಕು ಮಾತ್ರೆಗಳ ಹನ್ನೆರಡು ಖಂಡಗಳ ಆವರ್ತವು ಮರಳಿ ಮರಳಿ ಬರುವದು. ಕೈಯಲ್ಲಿ ತಾಳ ಹಾಕುತ್ತ ಎಣಿಸಿದರೆ ನಾಲ್ವತ್ತೆಂಟು ಮಾತ್ರೆಗೆ ಸಮವು ಸಿಕ್ಕುವದು. ಸಮವು ಸಿಕ್ಕ ಮೇಲೆ ಸರಿಯುವ ನೆಲದ ಭಯವು ತಾನಾಗಿ ಕಳೆಯುವದು.

ಕರ್ಣಾಟಕದವರು ಪಾಲುಗೊಂಡ ಮುದ್ರಿಕೆಯೂ ಉಂಟು. ಟಿ. ಎ. ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂಬ ತಾಳವಾದ್ಯಶಾಲೆಯವರೊಡನೆ ಅಮೇರಿಕೆಯ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ನುಡಿಸಿದ ‘ಜ್ಯೋತಿ’ಯು 1983ರಲ್ಲಿ ಜರ್ಮನಿಯ ಇ. ಸಿ. ಎಂ. ಸಂಸ್ಥೆಯಿಂದ ಹೊರಬಿದ್ದಿತು. ಆರ್. ಎ. ರಮಾಮಣಿಯವರ ಕಂಠ, ಮಣಿಯವರ ಮೃದಂಗ, ಜೊತೆಗೆ ಘಟ, ಖಂಜೀರ, ಮೋರ್ಚಿಂಗ್, ಕೊನ್ನಕ್ಕೋಲು, ಪಿಯಾನೋ ಇಲ್ಲ. ಮರಿಯಾನೋ ನಾಗಸ್ವರವನ್ನು ಅಭ್ಯಾಸ ಮಾಡಿದವನಾದ್ದರಿಂದ ಕೀಲಿಗಳ ವಾದ್ಯದಲ್ಲಿಯೂ ಸ್ವರದಿಂದ ಸ್ವರಕ್ಕೆ ಜಾರುವದನ್ನು ಬಲ್ಲನು. ರಮಾಮಣಿಯವರ ಕಂಠಕ್ಕೆ ಅವನು ಕೊಡುವ ಉತ್ತರಗಳಲ್ಲಿ ವಿನಯವಿದೆ. ಆದರೆ ಸ್ವರಗುಚ್ಛದ ನಡೆಯು ಇಲ್ಲಿ ಬಹುಮಟ್ಟಿಗೆ ಮರೆಯಾದ್ದರಿಂದ ಜಾಝಿನ ಅರ್ಧ ಸಾಹಸವು ಬಿಟ್ಟುಹೋಗಿದೆ. ಅತಿಥಿಯು ನಮ್ಮ ಮನೆಗೆ ಬಂದು ನಮ್ಮ ಊಟವನ್ನೇ ಉಂಡಂತಾಯಿತು. ಅವನ ಮನೆಯ ಅಡಿಗೆಯ ರುಚಿಯನ್ನು ತಿಳಿಯಬೇಕಾದರೆ ನಾವು ಅವನ ಮನೆಗೆ ಹೋಗಬೇಕು.

ಆ ಮನೆಯಲ್ಲಿ ಅತ್ಯಂತ ಕಠಿಣವೆನಿಸಿದ ಕೋಣೆಯೆಂದರೆ ಆರ್ನೆಟ್ ಕೋಲ್ಮನ್‌ನ ‘ಫ್ರೀ ಜಾಝ್’. 1960ರ ಡಿಸೆಂಬರ 21ರಂದು ನ್ಯೂಯಾರ್ಕಿನಲ್ಲಿ ಮುದ್ರಿತವಾಗಿ 1961ರಲ್ಲಿ ಪ್ರಕಟವಾಯಿತು. ನಾಲ್ವರ ಎರಡು ಮೇಳಗಳು, ಒಂದು ಎಡಗಿವಿಗೆ, ಇನ್ನೊಂದು ಬಲಗಿವಿಗೆ, ಸುಮಾರು 37 ನಿಮಿಷ ತಡೆಯಿಲ್ಲದೆ ನುಡಿಸುವವು. ಮೊದಲ ಸಾರೆ ಕೇಳಿದವನು ಇದನ್ನು ಗದ್ದಲವೆಂದರೆ ಆಶ್ಚರ್ಯವಿಲ್ಲ. ಆದರೆ ನಾಲ್ಕಾರು ಸಾರೆ ಕೇಳಿದವನಿಗೆ ಲಯವು ಕಡಿಯದೆ ಓಡುತ್ತಿರುವದೂ, ಒಬ್ಬೊಬ್ಬನು ಸರದಿಯಂತೆ ಮುಂದಾಗುವದೂ, ಮೊದಲೇ ಗೊತ್ತುಮಾಡಿದ ಸಣ್ಣ ಸಾಮೂಹಿಕ ಖಂಡಗಳು ಸರದಿಗಳನ್ನು ವಿಂಗಡಿಸುವದೂ ಗೊತ್ತಾಗುವದು. ಕೋಲ್ಮನ್‌ನು ಸ್ವರಗುಚ್ಛಗಳ ಗೊತ್ತಾದ ಕ್ರಮವನ್ನೇ ಕೈಬಿಟ್ಟಿದ್ದಾನೆ. ಅಮೇರಿಕೆಯವರಿಗೆ ಆಧಾರ ತಪ್ಪಿದಂತೆ ಕಂಡ ಇದೇ ಸ್ಥಳದಲ್ಲಿ ನಮ್ಮ ಕಿವಿಯ ಹಳೆಯ ತೊಡಕು ನಿವಾರಣೆಯಾಗುವದು! ಉಳಿಯುವದು ಒಬ್ಬನ ಸ್ವರಪ್ರಸ್ತಾರ, ಅದಕ್ಕೆ ಇತರರ ಪ್ರತಿನುಡಿ. ಹಾಗೆಂದು ದೋಷವಿಲ್ಲವೆನ್ನಲಾಗದು. ಅಭಿನವಗುಪ್ತನು ಎಣಿಸಿದ ಏಳು ರಸವಿಘ್ನಗಳಲ್ಲಿ ಅಪ್ರಧಾನತೆಯು ಒಂದು. ಒಬ್ಬನು ಮುಂದಾಗಿ ಉಳಿದವರು ಅವನನ್ನು ಕಿವಿಗೊಟ್ಟು ಕೇಳುವವರೆಗೆ ರಸವು ನಿಲ್ಲುವದು. ಎಲ್ಲರೂ ಪ್ರಧಾನರಾಗಹೋದ ಕಡೆ ಯಾರೂ ಪ್ರಧಾನರಾಗದೆ ಅದು ಚದುರುವದು. ಈ ಕೃತಿಯಲ್ಲಿ ಎರಡು ಬಗೆಯ ಸ್ಥಳಗಳೂ ಇವೆ. ಮೊದಲನೆಯ ಬಗೆಯವೇ ಹೆಚ್ಚು.

ಅದೇ ಆಚಾರ್ಯನು ಹೇಳಿದ ಇನ್ನೊಂದು ವಿಘ್ನವು ಸಂಗ್ರಾಹಕರಿಗೆ ಸಂಬಂಧಿಸಿದ್ದು: ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವದು. ಇದು ಮೊದಲ ಮುದ್ರಣ, ಇದು ಊರಲ್ಲಿ ನನ್ನ ಹತ್ತಿರ ಮಾತ್ರ ಇರುವದು, ಎಂಬ ಹಿಗ್ಗು ತಲೆಯಲ್ಲಿ ತುಂಬಿದ್ದರೆ ಕಿವಿಯಲ್ಲಿ ನಾದಕ್ಕೆ ಸ್ಥಳವೆಲ್ಲಿ? ಗ್ರಂಥಗಳನ್ನು ರೇಶಿಮೆಯ ಬಟ್ಟೆಯಲ್ಲಿ ಸುತ್ತಿಟ್ಟು ಬಿಚ್ಚದ ಪಂಡಿತರನ್ನು ನಾವು ಕಂಡಿದ್ದೇವೆ. ಈಗಂತೂ ತಟ್ಟೆಗಳ ಕೊರತೆಯಿಲ್ಲ. ಕೈಯಲ್ಲಿಯ ಮೊಬೈಲಿನಲ್ಲಿ ಜಗತ್ತಿನ ಸಂಗೀತವೆಲ್ಲ ಬಂದು ಕುಳಿತಿದೆ. ಕೊರತೆಯಿರುವದು ಒಂದನ್ನು ಹತ್ತು ಸಾರೆ ಕೇಳುವ ತಾಳ್ಮೆಗೆ. ನೂರು ಮುದ್ರಿಕೆಗಳನ್ನು ಒಂದೊಂದು ಸಾರೆ ಕೇಳಿದವನಿಗಿಂತ ಹತ್ತನ್ನು ಹತ್ತು ಹತ್ತು ಸಾರೆ ಕೇಳಿದವನೇ ಶ್ರೀಮಂತನು. ಮನೆಯಲ್ಲಿ ಸಂಗೀತದ ರುಚಿಯುಳ್ಳ ವಾಚಕರು ಮೇಲೆ ಹೇಳಿದ ಆರ್ಮ್‌ಸ್ಟ್ರಾಂಗನ ತಟ್ಟೆಯಿಂದ ಆರಂಭಿಸಲಿ; ಸಮವು ಸಿಕ್ಕುವವರೆಗೆ ಅದನ್ನು ಬಿಡದಿರಲಿ. ಇಷ್ಟವಾಗುವದೋ ಇಲ್ಲವೋ ಎಂಬ ತೀರ್ಪನ್ನು ಅನಂತರ ಕೊಟ್ಟರಾಯಿತು.